ಅಪ್‌ಡೇಟ್: ತುಮಕೂರಿನ ಆ ಎರಡು ಬಿಳಿ ಇಲಿಗಳು

ಹೋದ ತಿಂಗಳು ಕೇಳಿದ್ದೆ. ಪಕ್ಕದ ಮನೆ ಖಾಲಿ ಮಾಡಿದವರು ಬಿಟ್ಟುಹೋದ ಎರಡು ಸಾಕು ಇಲಿ, ವಯಸ್ಸು ಗೊತ್ತಿಲ್ಲ, ಒಂದರ ಮೂಗಿನಲ್ಲಿ ರಕ್ತ, ಏನು ಮಾಡಲಿ ಅಂತ.

ಅದು ರಕ್ತವೇ ಅಲ್ಲ! ಪೋರ್ಫಿರಿನ್ ಅನ್ನೋ ಕೆಂಪು ಸ್ರಾವ. ಗಾಬರಿಯಾದರೂ ಬರುತ್ತದೆ, ಕಾಯಿಲೆಯಾದರೂ ಬರುತ್ತದೆ. ಡಾಕ್ಟರ್ ಉಸಿರಾಟ ನೋಡಿದರು, ತೊಂದರೆ ಇಲ್ಲ. ಮರದ ಪುಡಿ ತೆಗೆದು ಪೇಪರ್ ಚೂರು ಹಾಸಿದೆ, ಸೀನು ನಿಂತಿತು.

ನಿಜವಾದ ಸುದ್ದಿ ಬೇರೆ. ಎರಡೂ ಹೆಣ್ಣು, ಚಿಂತೆಯಿಲ್ಲ ಅಂದುಕೊಂಡಿದ್ದೆ. ಬಂದ 16ನೇ ದಿನ ಬೆಳಗ್ಗೆ ನೋಡಿದರೆ ಪೇಪರ್ ಗೂಡಿನಲ್ಲಿ ಕಡಲೆಬೀಜದಂಥ 9 ಗುಲಾಬಿ ಮರಿ! ಇಲಿಗೆ ಗರ್ಭ 21ರಿಂದ 23 ದಿನ. ಅಂದರೆ ಬರುವಾಗಲೇ ಬಸುರಿ, ಅಲ್ವಾ? ಐದು ವಾರಕ್ಕೆ ಗಂಡುಮರಿಗಳನ್ನು ಬೇರೆ ಪಂಜರಕ್ಕೆ ಹಾಕಬೇಕು, ಇಲ್ಲದಿದ್ದರೆ ಮತ್ತೆ ಇದೇ ಕಥೆ.

ಇಲಿ ಅಂದರೆ ಬೈಯುತ್ತಿದ್ದ ಅಮ್ಮ ಈಗ ‘ಬಾಣಂತಿ’ ಅಂತ ಮೊಟ್ಟೆ ಬೇಯಿಸಿ ಕೊಡುತ್ತಿದ್ದಾರೆ.