ಟೈಮ್ ಮುಗಿದರೆ ಸೋಲಾ, ಡ್ರಾನಾ? ಚೆಸ್ ನಿಯಮ ಗೊತ್ತಿರೋರು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಬಡಾವಣೆಯ ಕ್ಲಬ್‌ನಲ್ಲಿ ಭಾನುವಾರ ಸಂಜೆ ಗೆಳೆಯರು ಸೇರಿ ಚೆಸ್ ಆಡುತ್ತೇವೆ. ಸುಮ್ನೆ ಖುಷಿಗೆ. ತಲಾ 15 ನಿಮಿಷ, ಇನ್‌ಕ್ರಿಮೆಂಟ್ (ಪ್ರತಿ ನಡೆಗೆ ಸಿಗೋ ಹೆಚ್ಚುವರಿ ಸೆಕೆಂಡು) ಇಲ್ಲ, ಅಂಪೈರೂ ಇಲ್ಲ.

ಮೊನ್ನೆ ಕೊನೆಗೆ ಗೆಳೆಯನ ಹತ್ತಿರ ರಾಜ ಮತ್ತು ಆನೆ, ನನ್ನ ಹತ್ತಿರ ರಾಜ ಮತ್ತು ಒಂದು ಕುದುರೆ ಉಳಿದವು. ಅಷ್ಟರಲ್ಲಿ ಅವನ ಟೈಮ್ ಮುಗಿಯಿತು. ನಾನು ಗೆದ್ದೆ ಅಂದೆ. "ಬರೀ ಕುದುರೆ ಇಟ್ಕೊಂಡು ಚೆಕ್‌ಮೇಟ್ ಮಾಡ್ತೀಯಾ? ಡ್ರಾ ಕಣೋ" ಅಂತ ಅವನು ಬೋರ್ಡ್ ಬಿಟ್ಟು ಏಳಲೇ ಇಲ್ಲ. ಟೀ ಆರಿಹೋಯಿತು, ಜಗಳ ಆರಲಿಲ್ಲ!

ಆ್ಯಪ್ ನೋಡಿದರೆ ಇನ್ನೂ ಗೊಂದಲ. ಚೆಸ್ ಡಾಟ್ ಕಾಮ್‌ನಲ್ಲಿ ಇದು ಡ್ರಾ, ಲಿಚೆಸ್‌ನಲ್ಲಿ ನನ್ನ ಗೆಲುವು. ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮ 6.9 ಓದಿದೆ. ಟೈಮ್ ಮುಗಿದವನಿಗೆ ಸೋಲು; ಯಾವ ರೀತಿ ಆಡಿದರೂ ಎದುರಾಳಿಗೆ ಮೇಟ್ ಮಾಡೋದು ಸಾಧ್ಯವೇ ಇಲ್ಲ ಅಂದರೆ ಮಾತ್ರ ಡ್ರಾ ಅಂತಿದೆ. ಬೋರ್ಡ್ ಮೇಲೆ ಇಟ್ಟು ತೋರಿಸಿದೆ: ಅವನ ರಾಜ h8 ಮೂಲೆಯಲ್ಲಿ, ಪಕ್ಕದ g8 ಮನೆಯಲ್ಲಿ ಅವನದೇ ಆನೆ ಅಡ್ಡ, ನನ್ನ ರಾಜ h6 ಮನೆಯಲ್ಲಿ, f7 ಮನೆಯ ಕುದುರೆಯಿಂದ ಚೆಕ್. ಮೇಟ್ ಆಗುತ್ತೆ, ಅಲ್ವಾ? "ಅಂಥ ದಡ್ಡ ಆಟ ಯಾರು ಆಡ್ತಾರೆ" ಅನ್ನೋದು ಅವನ ವಾದ. ಅದೂ ನಿಜವೇ.

ಇದರ ಮಧ್ಯೆ ಕ್ಲಬ್‌ನ ಹಿರಿಯರೊಬ್ಬರು, 2 ನಿಮಿಷಕ್ಕಿಂತ ಕಡಿಮೆ ಉಳಿದಾಗ, ಟೈಮ್ ಮುಗಿಯೋ ಮೊದಲೇ ಗೆಳೆಯ ಡ್ರಾ ಕೇಳಬಹುದಿತ್ತು ಅಂದರು.

ಟೂರ್ನಮೆಂಟ್ ಆಡಿದವರು, ಆರ್ಬಿಟರ್‌ಗಳು (ಚೆಸ್ ಅಂಪೈರ್‌ಗಳು) ದಯವಿಟ್ಟು ಹೇಳಿ: ಫಿಡೆ ಪ್ರಕಾರ ಈ ಆಟ ನನ್ನ ಗೆಲುವೇ ತಾನೇ? ಆ 2 ನಿಮಿಷದ ನಿಯಮ ಆರ್ಬಿಟರ್ ಇಲ್ಲದ ನಮ್ಮಂಥ ಆಟಕ್ಕೂ ಅನ್ವಯಿಸುತ್ತಾ, ಇಲ್ಲಾ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕಾ?