ಕ್ಲೈಮೇಟ್ ಬಗ್ಗೆ ಕಪ್ಪು ಕಲಾವಿದರು ಮಾಡಿರೋದ್ರಲ್ಲಿ ಮೈಯೇ ಯಾಕೆ ಇಷ್ಟು ಮುಂದೆ?

ಮಳೆಹನಿ:
ಕ್ಲೈಮೇಟ್ ಆರ್ಟ್ ಅಂದ್ರೆ ನಂಗೆ ಕರಗ್ತಿರೋ ಹಿಮ, ಬಡಕಲು ಹಿಮಕರಡಿ ಇಷ್ಟೇ ಇತ್ತು. ಈಗ ಅಮೆರಿಕದ ಕಪ್ಪು ಜನರ ಫೋಟೋ, ಕವಿತೆ ನೋಡ್ತಿದೀನಿ, ಅಲ್ಲಿ ಕಾಡು ಬೆಟ್ಟಕ್ಕಿಂತ ಚರ್ಮ, ಉಸಿರು, ಬಾಯಿ ಇದೇ ಜಾಸ್ತಿ. ಹವಾಮಾನನ ಜನಾಂಗಭೇದದ ಜೊತೆ ಯಾಕೆ ಕಲಸ್ತಾರೆ? ಕೊಂಕು ಅಲ್ಲ, ನಿಜವಾಗ್ಲೂ ಕೇಳ್ತಿದೀನಿ. ಎಲ್ಲಿಂದ ಶುರು ಮಾಡ್ಲಿ ಅಂತಾನೂ ಹೇಳಿ.

ಶಾಯಿಕೈ:
ಅವ್ರು ಕಲಸಿದ್ದಲ್ಲ ಗುರು, ಮೊದ್ಲೇ ಯಾರೋ ಕಲಸಿಟ್ಟಿದ್ರು. 1982ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಪಿಸಿಬಿ ಅನ್ನೋ ಕಾರ್ಖಾನೆ ರಾಸಾಯನಿಕದ ವಿಷ ಸೇರಿದ್ದ ಮಣ್ಣು ಹೂಳೋಕೆ ಸರ್ಕಾರ ಆರಿಸಿದ್ದು ವಾರೆನ್ ಕೌಂಟಿನ (ನಮ್ಮ ಜಿಲ್ಲೆ ಥರ), ಬಡವರು, ಕಪ್ಪು ಜನ ಜಾಸ್ತಿ ಇರೋ ಜಾಗ. ಅಲ್ಲಿನ ಜನ ಕೋರ್ಟಿಗೆ ಹೋದ್ರೂ ನಡೀಲಿಲ್ಲ, ಆಮೇಲೆ ಲಾರಿ ಮುಂದೆ ರಸ್ತೇಲೇ ಮಲಗಿಬಿಟ್ರು, 500ಕ್ಕೂ ಜಾಸ್ತಿ ಜನ ಅರೆಸ್ಟ್ ಆದ್ರು, ಮಣ್ಣು ಆದ್ರೂ ಬಂತು. ಅಡ್ಡ ಹಾಕೋಕೆ ಮೈ ಬಿಟ್ರೆ ಏನೂ ಉಳೀದಿದ್ದಾಗ ಕಲೇಲೂ ಅದೇ ತಾನೇ ಬರೋದು.

ನೋಡಬೇಕು ಅಂದ್ರೆ ಲಟೋಯಾ ರೂಬಿ ಫ್ರೇಜಿಯರ್ ತೆಗೆದಿರೋ, ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ಫೋಟೋಗಳು. 2014ರಲ್ಲಿ ಆ ಊರಿಗೆ ನದಿ ನೀರು ಬಿಟ್ರು, ಪೈಪ್ ಸವೀದಿರೋ ಹಾಗೆ ಔಷಧಿ ಹಾಕ್ಲಿಲ್ಲ, ಪೈಪಿನ ಸೀಸ ನಲ್ಲೀಲೇ ಬಂತು. ಅಮ್ಮ ಬಾಟಲಿ ನೀರು ಬಾಯಿಗೆ ಹೊಯ್ದು ಮಗಳಿಗೆ ಹಲ್ಲುಜ್ಜಿಸ್ತಿರೋ ಫೋಟೋ ಒಂದಿದೆ, ಅಷ್ಟೇ ಸಾಕು. ಆಮೇಲೆ ಫೋಟೋ ಮಾರಿದ ದುಡ್ಡೂ ಸೇರಿಸಿ ಗಾಳಿಯ ತೇವದಿಂದ ಕುಡಿಯೋ ನೀರು ತೆಗೆಯೋ ಮಷೀನನ್ನ ಆ ಊರಿಗೆ ತಂದ್ರು, ಗ್ಯಾಲರಿ ಮಟ್ಟಿಗೆ ನಿಲ್ಲಿಸ್ಲಿಲ್ಲ ಆಯಮ್ಮ.

ಸುಮ್ನೆ_ಓದ್ತೀನಿ:
ಫೋಟೋ ಚೆನ್ನಾಗಿದೆ ಒಪ್ತೀನಿ, ಆದ್ರೆ ಫ್ಲಿಂಟ್ ಕ್ಲೈಮೇಟ್ ಅಲ್ವಲ್ಲ ಸ್ವಾಮಿ, ಅದು ಪೈಪು ಮತ್ತೆ ಆಡಳಿತದ ಕತೆ. ಎಲ್ಲಾ ವಿಷಾನೂ ಒಂದೇ ಬುಟ್ಟಿಗೆ ಹಾಕಿದ್ರೆ ವಾದ ಸಡಿಲ ಆಗುತ್ತೆ. ನಿಮ್ ಪ್ರಶ್ನೆಗೆ ನೇರ ಉತ್ತರ ಬಿಸಿಲು. 1930ರ ದಶಕದಲ್ಲಿ ಮನೆ ಸಾಲಕ್ಕೆ ಅಪಾಯ ಅಂತ ಅಮೆರಿಕ ಸರ್ಕಾರದವರು ಮ್ಯಾಪ್ ಮೇಲೆ ಕೆಂಪು ಬಳಿದ ಬಡಾವಣೆಗಳಿದ್ವಲ್ಲ, ಕಪ್ಪು ಜನ ಇದ್ದಿದ್ದು ಬಹುಪಾಲು ಅಲ್ಲೇ, 2020ರ ಒಂದು ಅಧ್ಯಯನದಲ್ಲಿ 108 ನಗರ ನೋಡಿದ್ರೆ ಆ ಜಾಗಗಳು ಕೆಂಪು ಬೀಳದಿದ್ದ ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಬಿಸಿ. ಮರ ಕಮ್ಮಿ, ಡಾಂಬರು ಜಾಸ್ತಿ. ಬೆವರು ಎಲ್ರಿಗೂ ಒಂದೇ ಥರ ಬರಲ್ಲ ಅನ್ನೋದಕ್ಕೆ ಕವಿತೆ ಬೇಕಾಗಿಲ್ಲ, ಥರ್ಮಾಮೀಟರ್ ಸಾಕು.

ಶಾಯಿಕೈ:
ಬಿಸಿಲಿನ ಮಾತು ಸರಿ, ಅದನ್ನ ತಗೊಂಡೆ. ಆದ್ರೆ ಆಡಳಿತದ ಕತೆ ಅಂತ ಬೇರೆ ಇಡೋದು ಯಾಕೆ, ಆ ಕೆಂಪು ಬಳಿದಿದ್ದೂ ಆಡಳಿತಾನೇ ಅಲ್ವಾ?

ಕಿಟಕಿಪಕ್ಕ:
ನೀವಿಬ್ರೂ ಜಗಳ ಆಡ್ಕೊಳ್ಳಿ 😄 ಮಳೆಹನಿ, ನೀವು ಆಕ್ಟೇವಿಯಾ ಬಟ್ಲರ್ ಅವರ ಪ್ಯಾರಬಲ್ ಆಫ್ ದಿ ಸೋವರ್ ಕಾದಂಬರಿ ಓದಿ. ಬಂದಿದ್ದು 1993ರಲ್ಲಿ, ಕತೆ ಶುರುವಾಗೋದು 2024ರ ಕ್ಯಾಲಿಫೋರ್ನಿಯಾದಲ್ಲಿ, ನೀರು ದುಬಾರಿ, ಎಲ್ಲಾ ಕಡೆ ಬೆಂಕಿ. ನಾಯಕಿ ಕಪ್ಪು ಹುಡುಗಿ, ಎದುರಿಗಿರೋರ ನೋವು ನೋಡಿದ್ರೆ ಅವಳ ಮೈಗೂ ಅದೇ ನೋವು ಬರುತ್ತೆ. ಯಾರನ್ನಾದ್ರೂ ಹೊಡೆದ್ರೂ ಏಟು ತನಗೇ, ಹಾಗಿದ್ದೂ ಬದುಕೋಕೆ ಹೊಡೀಲೇಬೇಕಾಗುತ್ತೆ. ಮಧ್ಯ ಸ್ವಲ್ಪ ಎಳೀತಾರೆ, ಅವಳು ಹುಟ್ಟುಹಾಕೋ ಹೊಸ ಧರ್ಮದ ಭಾಗ ನಂಗೆ ಅಷ್ಟಾಗಿ ಹಿಡಿಸ್ಲಿಲ್ಲ.

ಮಳೆಹನಿ:
ಥ್ಯಾಂಕ್ಸ್ ಎಲ್ರಿಗೂ. ಫೋಟೋ ಇವತ್ತೇ ಹುಡುಕ್ತೀನಿ, ಕಾದಂಬರಿ ಆಮೇಲೆ. ಆ 108 ನಗರದ ಮ್ಯಾಪ್ ಇಟ್ಕೊಂಡು ಯಾರಾದ್ರೂ ಕಲಾಕೃತಿ ಮಾಡಿದಾರಾ, ಗೊತ್ತಿದ್ರೆ ಇಲ್ಲೇ ಹಾಕಿ.