21 ವ್ಯಾಟ್ ಸೋಲಾರ್ ಪ್ಯಾನೆಲ್ ಇದ್ದೂ ಕಾಡಲ್ಲಿ ಫೋನ್ ಚಾರ್ಜ್ ಆಗ್ತಿಲ್ಲ, ಎಲ್ಲಿ ತಪ್ಪಾಗ್ತಿದೆ?

ಅಲೆಮಾರಿ:
ಎಲ್ಲರಿಗೂ ನಮಸ್ಕಾರ. ಕರೆಂಟು, ನಲ್ಲಿ ಏನೂ ಇಲ್ಲದ ಕಾಡಿನಲ್ಲಿ ನಾಲ್ಕು ರಾತ್ರಿ ಟೆಂಟ್ ಹಾಕಿದ್ದೆ. ಜೊತೆಗೆ ಮೂರು ಮಡಿಕೆಯ 21 ವ್ಯಾಟ್ ಸೋಲಾರ್ ಪ್ಯಾನೆಲ್ ಇತ್ತು. ಅಲ್ಲೊಂದು ಇಲ್ಲೊಂದು ಮೋಡ ಬಿಟ್ಟರೆ ಒಳ್ಳೇ ಬಿಸಿಲು. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಫೋನನ್ನು ನೇರವಾಗಿ ಪ್ಯಾನೆಲಿಗೆ ಹಾಕಿಟ್ಟರೂ ಏರಿದ್ದು 9% ಮಾತ್ರ. ಚಾರ್ಜ್ ಆಗುತ್ತಿದೆ ಅನ್ನೋ ಮಿಂಚಿನ ಗುರುತು ಪರದೆ ಮೇಲೆ ಇದ್ದೇ ಇತ್ತು. ಮೂರನೇ ದಿನ ಫೋನ್ ಪೂರ್ತಿ ಆಫ್ ಆಯ್ತು. ನಕ್ಷೆ ಇಲ್ಲದೆ ವಾಪಸ್ ದಾರಿ ಹುಡುಕುವಾಗ ನಿಜಕ್ಕೂ ಭಯವಾಯಿತು. ಫೋನಿನ ಬ್ಯಾಟರಿ 5,000 ಎಂಎಎಚ್. ಪ್ಯಾನೆಲ್ ಕೆಟ್ಟಿದೆಯಾ? ವಾಪಸ್ ಕೊಡುವ ಮುಂಚೆ ಖಾತ್ರಿ ಮಾಡಿಕೊಳ್ಳಬೇಕು.

ಬಿಸಿಲುಕೋಲು:
ಕೆಟ್ಟಿದೆ ಅಂತ ಈಗಲೇ ಅನ್ನೋಕೆ ಆಗಲ್ಲ. ಇಷ್ಟು ತಿಳಿಸಿ: ಪ್ಯಾನೆಲ್ ಎಲ್ಲಿ, ಹೇಗೆ ಇಟ್ಟಿದ್ರಿ? ಫೋನ್ ಎಲ್ಲಿತ್ತು? ಕೇಬಲ್ ಎಷ್ಟು ಉದ್ದ? ಫೋನ್ ಏರೋಪ್ಲೇನ್ ಮೋಡ್‌ನಲ್ಲಿತ್ತಾ?

ಅಲೆಮಾರಿ:
ಪ್ಯಾನೆಲನ್ನು ಟೆಂಟಿನ ಮೇಲೆ ಹರಡಿದ್ದೆ, ಮಧ್ಯೆ ಅಲುಗಿಸಿಲ್ಲ. ಒಂದು ಮೂಲೆಗೆ ಕೊಂಬೆಯ ನೆರಳು ಬೀಳುತ್ತಿತ್ತು, ಆದರೆ ಅಂಗೈಯಗಲ ಅಷ್ಟೇ. ಬಿಸಿಲಲ್ಲಿ ಫೋನ್ ಕಾಯಬಾರದು ಅಂತ 2 ಮೀಟರ್ ಕೇಬಲ್ ಎಳೆದು ಟೆಂಟಿನೊಳಗೆ ಇಟ್ಟಿದ್ದೆ. ಏರೋಪ್ಲೇನ್ ಮೋಡ್ ಹಾಕಿರಲಿಲ್ಲ.

ಬಿಸಿಲುಕೋಲು:
ಆ ಅಂಗೈಯಗಲದ ನೆರಳನ್ನು ಸಣ್ಣದು ಅಂದುಕೊಳ್ಳಬೇಡಿ. ಒಂದು ಸಿಲಿಕಾನ್ ಸೆಲ್ ಕೊಡೋದು ಸುಮಾರು ಅರ್ಧ ವೋಲ್ಟ್. 5 ವೋಲ್ಟಿಗಿಂತ ಸ್ವಲ್ಪ ಮೇಲೆ ಬರಬೇಕಾದರೆ ಹತ್ತು-ಹನ್ನೆರಡು ಸೆಲ್‌ಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಲೇಬೇಕು. ಸರಣಿ ಅಂದಮೇಲೆ ಎಲ್ಲದರಲ್ಲೂ ಹರಿಯೋದು ಒಂದೇ ಕರೆಂಟು. ನೀರಿನ ಪೈಪನ್ನು ಒಂದು ಕಡೆ ತುಳಿದರೆ ಉಳಿದ ಉದ್ದವೆಲ್ಲ ಚೆನ್ನಾಗಿದ್ದೂ ಪ್ರಯೋಜನ ಇಲ್ಲವಲ್ಲ, ಹಾಗೇ ಒಂದು ಸೆಲ್ ನೆರಳಿಗೆ ಸಿಕ್ಕರೆ ಆ ಸಾಲೇ ಸೊರಗುತ್ತದೆ.

ಇನ್ನು ಓರೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. 10 ಗಂಟೆಗೆ ಸರಿಯಾಗಿ ಎದುರಿಗಿದ್ದ ಪ್ಯಾನೆಲ್ ಅಲ್ಲಾಡದೇ ಇದ್ದರೆ 2 ಗಂಟೆಗೆ ಹತ್ತಿರಹತ್ತಿರ ಅರ್ಧ ಬಿಸಿಲನ್ನಷ್ಟೇ ಹಿಡಿಯುತ್ತದೆ. ಪ್ಯಾನೆಲ್ ಮೇಲೆ ಒಂದು ಪೆನ್ನನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಪೂರ್ತಿ ಮಾಯವಾಗುವವರೆಗೆ ಓರೆ ಬದಲಿಸಿ. ಗಂಟೆಗೊಮ್ಮೆ ಹೀಗೆ ಮಾಡಿದರೆ ಸಾಕು.

ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನ್ ಟವರ್ ಹುಡುಕುತ್ತಲೇ ಇರುತ್ತದೆ, ಬಂದ ಕರೆಂಟನ್ನು ಅದೇ ತಿನ್ನುತ್ತದೆ. ಏರೋಪ್ಲೇನ್ ಮೋಡ್ ಹಾಕಿ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಹೆಚ್ಚಿನ ಫೋನ್‌ಗಳಲ್ಲಿ ಜಿಪಿಎಸ್ ಆಗಲೂ ಕೆಲಸ ಮಾಡುತ್ತದೆ.

ತಾಮ್ರದ ತಂತಿ:
ಮೇಲಿನದೆಲ್ಲ ಸರಿ, ಆದರೆ ನನ್ನ ಅನುಮಾನ ಆ 2 ಮೀಟರ್ ಕೇಬಲ್ ಮೇಲೆ. ಅಗ್ಗದ ಕೇಬಲ್‌ಗಳಲ್ಲಿ ಒಳಗಿರೋದು ಸಾಮಾನ್ಯವಾಗಿ 28 ಗೇಜ್‌ನ ಕೂದಲಿನಂಥ ತಂತಿ. ಕರೆಂಟು ಹೋಗಿ ಬರುವ ದಾರಿ ಸೇರಿ 4 ಮೀಟರ್ ಆಯ್ತು, ಅಂದರೆ ಕರೆಂಟಿಗೆ ತಂತಿ ಒಡ್ಡುವ ತಡೆ ಸುಮಾರು 0.85 ಓಮ್. 1 ಆಂಪಿಯರ್ ಹರಿದರೆ 0.85 ವೋಲ್ಟ್ ದಾರಿಯಲ್ಲೇ ಹೋಯ್ತು. 5 ವೋಲ್ಟ್ ಹೊರಟದ್ದು ಫೋನಿಗೆ 4.15 ಆಗಿ ಮುಟ್ಟುತ್ತದೆ. ಫೋನ್ ಅದನ್ನು ಕಂಡು ತಾನೇ ಎಳೆತ ಕಡಿಮೆ ಮಾಡಿಕೊಳ್ಳುತ್ತದೆ. ಗೋಡೆಯ ಚಾರ್ಜರಿನಲ್ಲಿ ರಾತ್ರಿಯಿಡೀ ಹಾಕಿಡುವಾಗ ಇದು ಗೊತ್ತಾಗಲ್ಲ, ನಾಲ್ಕು ಗಂಟೆಯ ಬಿಸಿಲಿನಲ್ಲಿ ಗೊತ್ತಾಗುತ್ತದೆ.

ಒಂದು ಯುಎಸ್‌ಬಿ ಮೀಟರ್ (ಕೇಬಲಿನಲ್ಲಿ ಎಷ್ಟು ಕರೆಂಟು ಹರಿಯುತ್ತಿದೆ ಅಂತ ತೋರಿಸುವ ಪುಟ್ಟ ಸಾಧನ) ತಗೊಂಡು ತಾರಸಿ ಮೇಲೆ ಎರಡೂ ಕೇಬಲ್ ಹಾಕಿ ನೋಡಿ. ಒಂದು ನಿಮ್ಮದು, ಇನ್ನೊಂದು ಅರ್ಧ ಮೀಟರಿನ ದಪ್ಪ ಕೇಬಲ್, 24 ಗೇಜ್ ಅಥವಾ ಅದಕ್ಕಿಂತ ದಪ್ಪ. ಗೇಜ್ ಸಂಖ್ಯೆ ಇಳಿದಷ್ಟೂ ತಂತಿ ದಪ್ಪ, ಇದು ನೆನಪಿರಲಿ.

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಚಾರ್ಜ್ ಆಗುತ್ತಿರುವಾಗ ಪ್ಯಾನೆಲಿಗೆ ಬಟ್ಟೆ ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಕರೆಂಟು ಮೊದಲಿನಷ್ಟಕ್ಕೇ ಏರುತ್ತದಾ ನೋಡಿ.

ಅಲೆಮಾರಿ:
ಇವತ್ತು ತಾರಸಿಯಲ್ಲಿ ನೋಡಿದೆ. ಬಿಸಿಲು ಖಡಕ್, ನೆರಳಿಲ್ಲ, ಪೆನ್ನಿನ ಉಪಾಯ ಬಳಸಿದೆ.

ಹಳೇ 2 ಮೀಟರ್ ಕೇಬಲ್: 0.45 ಆಂಪಿಯರ್.
ಅರ್ಧ ಮೀಟರ್ ದಪ್ಪ ಕೇಬಲ್: 1.7 ಆಂಪಿಯರ್!

ಪ್ಯಾನೆಲ್ ಚೆನ್ನಾಗಿಯೇ ಇದೆ. ಆದರೆ ಬಟ್ಟೆ ಮುಚ್ಚಿ ತೆಗೆದಮೇಲೆ ಫೋನ್ 0.4ರಲ್ಲೇ ನಿಂತುಬಿಟ್ಟಿತು. ಕೇಬಲ್ ಕಿತ್ತು ಮತ್ತೆ ಚುಚ್ಚಿದಮೇಲೆ 1.7. ಕಾಡಲ್ಲಿ ಪ್ರತಿ ಮೋಡಕ್ಕೂ ಹೀಗೆ ಕಿತ್ತು ಚುಚ್ಚೋಕಾಗುತ್ತಾ? ಅಲ್ಲದೆ ಕೇಬಲ್ ಚಿಕ್ಕದಾದ್ದರಿಂದ ಫೋನನ್ನು ಪ್ಯಾನೆಲ್ ಹಿಂದಿನ ಜೇಬಿನಲ್ಲಿ ಇಟ್ಟಿದ್ದೆ. ಇಪ್ಪತ್ತು ನಿಮಿಷಕ್ಕೆ ಬಿಸಿ ಜಾಸ್ತಿ ಅಂತ ಚಾರ್ಜಿಂಗ್ ನಿಲ್ಲಿಸಿತು.

ತಾಮ್ರದ ತಂತಿ:
ಆ ಮೋಡದ ತೊಂದರೆಯೇ ನಿಮ್ಮ 9%ನ ಉಳಿದರ್ಧ ಕತೆ. ಫೋನ್ ಕೇಬಲ್ ಸಿಕ್ಕ ಕ್ಷಣದಲ್ಲಿ ಎಷ್ಟು ಎಳೆಯಬಹುದು ಅಂತ ಒಮ್ಮೆ ನಿರ್ಧರಿಸುತ್ತದೆ. ಮೋಡ ಬಂದು ವೋಲ್ಟೇಜ್ ಕುಸಿದಾಗ ಕೆಳಗಿಳಿಯುತ್ತದೆ. ಬಿಸಿಲು ಮರಳಿದರೂ ಎಷ್ಟೋ ಫೋನ್‌ಗಳು ಮತ್ತೆ ಮೇಲೇರುವುದಿಲ್ಲ. ಮಿಂಚಿನ ಗುರುತು ಹಾಗೇ ಇರುವುದರಿಂದ ನಿಮಗೂ ಗೊತ್ತಾಗಲ್ಲ.

ಫೋನನ್ನು ಪ್ಯಾನೆಲಿಗೆ ನೇರ ಹಾಕಬೇಡಿ. ಮಧ್ಯೆ 10,000 ಎಂಎಎಚ್ ಪವರ್ ಬ್ಯಾಂಕ್ ಇಡಿ. ಹಗಲು ಪ್ಯಾನೆಲ್ ಪವರ್ ಬ್ಯಾಂಕನ್ನು ತುಂಬಿಸಲಿ, ರಾತ್ರಿ ಪವರ್ ಬ್ಯಾಂಕ್ ಫೋನನ್ನು ತುಂಬಿಸಲಿ. ಕೊಳ್ಳುವ ಮುಂಚೆ ಇದೇ ಬಟ್ಟೆ ಪರೀಕ್ಷೆಯನ್ನು ಅದಕ್ಕೂ ಮಾಡಿ, ಕೆಲವು ಪವರ್ ಬ್ಯಾಂಕ್‌ಗಳೂ ಹೀಗೆ ಹಟ ಹಿಡಿಯುತ್ತವೆ.

ಬಿಸಿಲುಕೋಲು:
ಬಿಸಿ ವಿಷಯ: ಆ ಜೇಬು ಕೇಬಲ್ ಇಡೋಕೆ ಮಾತ್ರ. ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 0ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಚಾರ್ಜ್ ಮಾಡಬೇಕು, ಬಿಸಿಲಿಗೆ ಕಾದ ಪ್ಯಾನೆಲಿನ ಬೆನ್ನು ಅದನ್ನು ಸುಲಭವಾಗಿ ದಾಟುತ್ತದೆ. ಪ್ಯಾನೆಲನ್ನು ಎರಡು ಕೋಲಿಗೆ ಆನಿಸಿ ಓರೆಯಾಗಿ ನಿಲ್ಲಿಸಿ. ಹಿಂದೆ ಬೀಳುವ ಅದರ ನೆರಳಲ್ಲೇ, ಪ್ಯಾನೆಲಿಗೆ ತಾಗದಂತೆ, ಪವರ್ ಬ್ಯಾಂಕನ್ನು ತಣ್ಣನೆಯ ಕಲ್ಲಿನ ಮೇಲೆ ಇಡಿ. ಅರ್ಧ ಮೀಟರ್ ಕೇಬಲ್ ಅಲ್ಲಿಗೆ ಮುಟ್ಟುತ್ತದೆ. ಗಾಳಿ ಆಡಿದರೆ ಪ್ಯಾನೆಲಿಗೂ ಒಳ್ಳೇದು, ಸೆಲ್ 25 ಡಿಗ್ರಿಗಿಂತ ಮೇಲೆ ಕಾದಂತೆ ಪ್ರತಿ ಡಿಗ್ರಿಗೆ ಸುಮಾರು 0.4% ಶಕ್ತಿ ಕಡಿಮೆಯಾಗುತ್ತದೆ.

ಗುಡಾರ9:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಮೇಲೆಯೇ ಪುಟ್ಟ ಸೋಲಾರ್ ಪ್ಯಾನೆಲ್ ಇರುವ ಪವರ್ ಬ್ಯಾಂಕ್ ಬರುತ್ತಲ್ಲ, ಅದೊಂದೇ ಸಾಲದಾ?

ತಾಮ್ರದ ತಂತಿ:
ಸಾಲದು. ಅಷ್ಟು ಜಾಗದಲ್ಲಿ ಬರೋದು 1ರಿಂದ 1.5 ವ್ಯಾಟ್. 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್, ಅಂದರೆ 1 ವ್ಯಾಟ್ ಪ್ಯಾನೆಲಿಗೆ 37 ಗಂಟೆಯ ಕೆಲಸ. ದಿನಕ್ಕೆ 5 ಗಂಟೆ ಪೂರ್ತಿ ಬಿಸಿಲು ಸಿಕ್ಕರೂ ತುಂಬೋಕೆ ವಾರ ಹಿಡಿಯುತ್ತದೆ. ಬ್ಯಾಟರಿಯನ್ನೇ ಬಿಸಿಲಲ್ಲಿ ಕಾಯಿಸಬೇಕು ಬೇರೆ.

ಅಲೆಮಾರಿ:
ಎರಡು ರಾತ್ರಿ ಹೋಗಿ ಬಂದೆ. ನೀವು ಹೇಳಿದ ಹಾಗೆ ಕೋಲು, ಕಲ್ಲು, ಚಿಕ್ಕ ಕೇಬಲ್, ಪವರ್ ಬ್ಯಾಂಕ್. ಮೋಡ ಹೋದದ್ದೇ ಕರೆಂಟು ತಾನಾಗಿ 1.6ಕ್ಕೆ ಏರುತ್ತಿತ್ತು. ನಾಲ್ಕು ಗಂಟೆಯಲ್ಲಿ ಪವರ್ ಬ್ಯಾಂಕ್ ಒಂದು ದೀಪದಿಂದ ಮೂರು ದೀಪಕ್ಕೆ ಬಂತು. ರಾತ್ರಿ ಫೋನ್ 31%ರಿಂದ 88%. ತುಂಬಾ ತುಂಬಾ ಧನ್ಯವಾದ. ಕೊನೇದೊಂದು: ನಡೆಯುವಾಗ ಪ್ಯಾನೆಲನ್ನು ಬೆನ್ನಿನ ಚೀಲಕ್ಕೆ ಕಟ್ಟಿಕೊಂಡರೆ?

ಬಿಸಿಲುಕೋಲು:
ಮರದ ನೆರಳಲ್ಲಿ ನಡೆಯುವಾಗ ಬೇಡ, ಮಡಿಸಿ ಒಳಗಿಡಿ. ಊಟಕ್ಕೆ ಒಂದು ಗಂಟೆ ಬಯಲಲ್ಲಿ ಕೂತಾಗ ಬಿಚ್ಚಿಡಿ, ಅದರಲ್ಲೇ ಹೆಚ್ಚು ಬರುತ್ತದೆ.